ಮತ್ಸ್ಯಜಲ ಮೀಮಾಂಸೆ: ಯಂತ್ರಪಕ್ಷ ಮತ್ತು ಬಕೆಟ್‌ಪಕ್ಷ

ಗಾಜಿನ ತೊಟ್ಟಿಯ ಮೀನಿಗೆ ಯಂತ್ರ ಶ್ರೇಯಸ್ಕರವೋ ಬಕೆಟ್ ಶ್ರೇಯಸ್ಕರವೋ ಎಂಬ ಪ್ರಶ್ನೆಯನ್ನು ಪೂರ್ವಾಚಾರ್ಯರು ಎತ್ತಿದಂತಿಲ್ಲ. ಅವರ ಕಾಲಕ್ಕೆ ಮೀನು ಕೆರೆಯಲ್ಲಿತ್ತು, ಕೆರೆಗೆ ಕೋಡಿಯಿತ್ತು. ಕೋಡಿ ಬಿದ್ದರೆ ಹಳೆ ನೀರು ಹೋಯಿತು, ಹೊಸ ನೀರು ಬಂತು. ಪ್ರಬಂಧ ಬರೆಯುವ ಪ್ರಸಂಗ ಬರಲಿಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳನ್ನು ಅಧ್ಯಯನ ಕ್ಷೇತ್ರವಾಗಿಟ್ಟುಕೊಂಡು ಆ ಕೊರತೆಯನ್ನು ಇಲ್ಲಿ ನೀಗಿಸಲಾಗುವುದು.

ಮೊದಲು ಪೂರ್ವಪಕ್ಷ. ಹಲವು ಸಾವಿರ ಕೊಟ್ಟು ಡಬ್ಬಿ ಫಿಲ್ಟರ್ ತಂದು, ಟೈಮರ್ ಇಟ್ಟು ತಾನೇ ನೀರು ಬದಲಿಸುವ ಕೊಳವೆಯನ್ನೂ ಜೋಡಿಸಿದರೆ ಯಜಮಾನ ಕೈ ಒದ್ದೆ ಮಾಡಿಕೊಳ್ಳಬೇಕಿಲ್ಲವೆಂದು ಯಂತ್ರವಾದಿಗಳ ಮತ. ಇದಕ್ಕೆ ಆಧಾರ ಶಬ್ದಪ್ರಮಾಣ, ಅಂದರೆ ಅಂಗಡಿಯವನ ಮಾತು.

ಈ ಮತವನ್ನು ಪಾವಗಡಕ್ಕೆ ಒಯ್ಯೋಣ. ನಲ್ಲಿಗೆ ನೀರು ಯಾವಾಗ ಬರುತ್ತದೆಂಬುದು ನೀರುಗಂಟಿಗೆ ಗೊತ್ತು, ಶನಿಮಹಾತ್ಮನಿಗೆ ಗೊತ್ತಿರಬಹುದು, ಟೈಮರಿಗೆ ಗೊತ್ತಿಲ್ಲ. ಅದು ಹಳೆ ನೀರನ್ನು ಹೊತ್ತಿಗೆ ಸರಿಯಾಗಿ ಹೊರಹಾಕಿ, ಬರಿದಾದ ತೊಟ್ಟಿಯ ಮುಂದೆ ಕೈಕಟ್ಟಿ ನಿಲ್ಲುತ್ತದೆ. ಇನ್ನು ಕರೆಂಟು. ತಿರುಮಣಿ ಸುತ್ತ 13,000 ಎಕರೆಯಲ್ಲಿ 2,050 ಮೆಗಾವಾಟ್‌ ಸೋಲಾರ್ ಪಾರ್ಕ್ ಇರುವ ತಾಲ್ಲೂಕಿನಲ್ಲೂ ಅದು ಹೋಗುವ ಚಾಳಿ ಬಿಟ್ಟಿಲ್ಲ. ಹೋಗಿ ಕೆಲವು ಗಂಟೆ ಕಳೆದರೆ ಮುಚ್ಚಿದ ಡಬ್ಬಿಯೊಳಗಿನ ಉಪಕಾರಿ ಬ್ಯಾಕ್ಟೀರಿಯಾ ಉಸಿರುಗಟ್ಟುತ್ತವೆ.

ಈ ಬ್ಯಾಕ್ಟೀರಿಯಾಗಳ ಕಸುಬೇ ಪ್ರಕರಣದ ತಿರುಳು. ಮೀನಿನ ಮಲದಿಂದಲೂ ತಿಂದುಳಿದ ಕಾಳಿನಿಂದಲೂ ಅಮೋನಿಯಾ ಹುಟ್ಟುತ್ತದೆ. ಒಂದು ಪಂಗಡ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲೆರಡು ವಿಷ, ಮೂರನೆಯದು ಸಾಧು, ಆದರೆ ಸೇರುತ್ತಲೇ ಹೋಗುತ್ತದೆ. ಸಾಮಾನ್ಯ ಫಿಲ್ಟರಿನ ಬೆಲೆ ಎಷ್ಟಿದ್ದರೂ ಕೆಲಸ ಇಲ್ಲಿಗೆ ಮುಗಿಯಿತು. ತಾಲ್ಲೂಕು ಕಚೇರಿಯ ಕಡತದಂತೆ ಕೊಳೆ ಮೇಜಿನಿಂದ ಮೇಜಿಗೆ ಹೋಗಿದೆಯೇ ಹೊರತು ಬಾಗಿಲು ದಾಟಿಲ್ಲ.

ದಾಟಿಸುವುದು ಬಕೆಟ್. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿದರೆ, ಎಷ್ಟು ವರ್ಷ ಕಳೆದರೂ ತೊಟ್ಟಿಯಲ್ಲಿ ಹುಟ್ಟಿದ ನೈಟ್ರೇಟ್ ನಾಲ್ಕು ವಾರದ ಗಳಿಕೆಯನ್ನು ಮೀರದು. ನಂಬದವರು ಲೆಕ್ಕದ ಮೇಷ್ಟರನ್ನು ಕೇಳಬಹುದು. ಶಿರಾದ ಬಿಸಿಲಿಗೆ ಆವಿಯಾದಷ್ಟನ್ನು ಮಾತ್ರ ತುಂಬಿ ‘ನೀರು ಬದಲಿಸಿದೆ’ ಎನ್ನುವವರ ಮಾತನ್ನು ಈ ಶಾಸ್ತ್ರ ಒಪ್ಪುವುದಿಲ್ಲ. ಆವಿಯಾಗುವುದು ನೀರು, ಲವಣ ಅಲ್ಲೇ ಉಳಿಯುತ್ತದೆ.

ಆಕ್ಷೇಪ: ಬೋರ್‌ವೆಲ್ ನೀರಿನಲ್ಲೇ ನೈಟ್ರೇಟ್ ಇದ್ದರೆ? ಕುಡಿಯುವ ನೀರಿಗೆ ಲೀಟರಿಗೆ 45 ಮಿಲಿಗ್ರಾಂ ಮಿತಿಯೆಂದು ಮಾನಕವಿದೆ, ಆದರೆ ಬೋರ್‌ವೆಲ್ ಮಾನಕ ಓದಿಲ್ಲ. ಸಮಾಧಾನ: ಫ್ಲೋರೈಡ್ ಕಾಟಕ್ಕೆ ಊರೂರಲ್ಲಿ ಎದ್ದಿರುವ ಶುದ್ಧ ನೀರಿನ ಘಟಕದ ಒಂದು ಕ್ಯಾನ್ ತಂದು ಬೆರೆಸಿ. ಪೂರ್ತಿ ಅದೇ ನೀರು ಬೇಡ, ಅದರಲ್ಲಿ ಲವಣ ತೀರಾ ಕಡಿಮೆ. ಗಪ್ಪಿ, ಮೋಲಿಗಳಿಗೆ ಗಡಸು ನೀರೇ ಹಿತ.

ಮೂರನೆಯ ಪಂಥವೊಂದಿದೆ. ಸೊಳ್ಳೆಮರಿ ತಿನ್ನಲೆಂದು ಗಪ್ಪಿ ಬಿಟ್ಟ ದನದ ತೊಟ್ಟಿ. ಕರೆಯುವ ಎಮ್ಮೆಯೊಂದು ದಿನಕ್ಕೆ ಸುಮಾರು 50 ಲೀಟರ್ ಕುಡಿಯುತ್ತದೆ, ಮನೆಯವರು ಮತ್ತೆ ತುಂಬುತ್ತಾರೆ. ಸ್ವಯಂಚಾಲಿತ ಜಲವಿನಿಮಯಕ್ಕೆ ಮಧುಗಿರಿ, ಕೊರಟಗೆರೆಗಳಲ್ಲಿ ಇದಕ್ಕಿಂತ ನಂಬಿಕಸ್ಥ ಯಂತ್ರವಿಲ್ಲ. ಮೇಲಾಗಿ ಹಾಲು ಕೊಡುತ್ತದೆ. ಪಟ್ಟಣದ ಹಜಾರಕ್ಕೆ ಒಗ್ಗುವುದಿಲ್ಲವೆಂಬುದೊಂದೇ ದೋಷ.

ನಿರ್ಣಯ: ಅಗ್ಗದ ಸ್ಪಂಜು ಫಿಲ್ಟರ್ ಇರಲಿ, ಬಕೆಟ್ ಅದರ ಯಜಮಾನನಾಗಿರಲಿ. ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ಹಿಂದಿನ ರಾತ್ರಿಯೇ ಹಿಡಿದಿಡಿ. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ. ಆ ನೀರನ್ನು ಮೋರಿಗೆ ಚೆಲ್ಲದೆ ಮಲ್ಲಿಗೆ ಬುಡಕ್ಕೆ ಹಾಕಿ. ನೈಟ್ರೇಟ್ ಅದಕ್ಕೆ ಗೊಬ್ಬರ.