ಕಿಲ್ಬರ್ನಿನ ಕಂಪ್ಯೂಟರ್ ಭಾವ

ಹೊರದೇಶದಲ್ಲಿ ನಾಲ್ಕು ಕನ್ನಡ ಮನೆಗಳು ಸೇರಿದ ಕಡೆ ಪೂಜೆ ಮಾಡಿಸುವವರೊಬ್ಬರು, ಹೋಳಿಗೆಗೆ ಆರ್ಡರ್ ಹಿಡಿಯುವವರೊಬ್ಬರು, ಕಂಪ್ಯೂಟರ್ ಬಲ್ಲವರೊಬ್ಬರು ಇದ್ದೇ ಇರುತ್ತಾರೆ. ಮೊದಲಿಬ್ಬರಿಗೆ ಹಬ್ಬ ಹರಿದಿನಗಳಲ್ಲಿ ಮಾತ್ರ ಕೆಲಸ. ಮೂರನೆಯವರಿಗೆ ವರ್ಷವಿಡೀ ಸೀಸನ್ನು. ಇಂಥವರು ಆಸ್ಟ್ರೇಲಿಯಾದ ಪರ್ತ್‌ನಲ್ಲೂ ಇದ್ದಾರೆ, ಬ್ರಿಸ್ಬೇನ್‌ನಲ್ಲೂ ಇದ್ದಾರೆ. ಆದರೆ ಈ ತಳಿಯ ಅಪ್ಪಟ ಮಾದರಿ ನೋಡಬೇಕೆಂದರೆ ಅಡಿಲೇಡ್ ನಗರದ ಉತ್ತರಕ್ಕಿರುವ ಕಿಲ್ಬರ್ನ್ ಬಡಾವಣೆಗೇ ಹೋಗಬೇಕು. ವಯಸ್ಸು ಐವತ್ತರ ಆಸುಪಾಸು. ಊರು ಹಾಸನವೋ ಮೈಸೂರೋ ಇರುತ್ತದೆ. ಹೆಂಡತಿಯ ತಂಗಿ ಕರೆದದ್ದು ಎಲ್ಲರ ಬಾಯಿಗೂ ಬಂದು, ಈಗ ಅವರು ಇಡೀ ಬಳಗಕ್ಕೆ ‘ಕಂಪ್ಯೂಟರ್ ಭಾವ’.

ಭಾವ ಸುಮ್ಮನೆ ಸಲಹೆ ಕೊಡುವವರಲ್ಲ. ಅವರದೊಂದು ನ್ಯೂಸ್‌ಲೆಟರ್ ಇದೆ. ವಾರಕ್ಕೊಮ್ಮೆ, ಶನಿವಾರ ರಾತ್ರಿ ಒಂಬತ್ತಕ್ಕೆ ಇಮೇಲಿನಲ್ಲಿ ಹೊರಡುತ್ತದೆ. ಆಗ ಬೆಂಗಳೂರಿನಲ್ಲಿ ಸಂಜೆ ಐದು, ಕಾಫಿಯ ಹೊತ್ತು. ಬೇಸಿಗೆಯಲ್ಲಿ ಅಡಿಲೇಡ್ ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸುವುದರಿಂದ ನಾಲ್ಕೇ ಗಂಟೆ. ಬ್ರಿಸ್ಬೇನಿನವರು ಗಡಿಯಾರ ಮುಟ್ಟುವುದಿಲ್ಲವಾದ್ದರಿಂದ ಅಡಿಲೇಡ್ ಅವರಿಗಿಂತ ಅರ್ಧ ವರ್ಷ ಅರ್ಧ ಗಂಟೆ ಹಿಂದೆ, ಇನ್ನರ್ಧ ವರ್ಷ ಅರ್ಧ ಗಂಟೆ ಮುಂದೆ. ಇದನ್ನೂ ಭಾವ ಪತ್ರದ ತಲೆಯಲ್ಲಿ ಒಂದು ಪ್ಯಾರಾ ವಿವರಿಸುತ್ತಾರೆ. ಓದುಗರು ಆ ಪ್ಯಾರಾ ಬಿಟ್ಟೇ ಓದುತ್ತಾರೆ.

ಈ ಕಸುಬಿಗೆ ಪರಂಪರೆ ಇಲ್ಲದಿಲ್ಲ. ಅಮೆರಿಕದಲ್ಲಿ ವಾಲ್ಟ್ ಮಾಸ್‌ಬರ್ಗ್ 1991ರಲ್ಲೇ ವಾಲ್ ಸ್ಟ್ರೀಟ್ ಜರ್ನಲ್‌ನಲ್ಲಿ ಸಾಮಾನ್ಯರಿಗಾಗಿ ಕಂಪ್ಯೂಟರ್ ಅಂಕಣ ಶುರು ಮಾಡಿದ್ದರು. ಕನ್ನಡದಲ್ಲಿ ಯು. ಬಿ. ಪವನಜ 1996ರಲ್ಲಿ ‘ವಿಶ್ವಕನ್ನಡ’ವೆಂಬ ಅಂತರಜಾಲ ಪತ್ರಿಕೆ ತಂದರು, ಆಮೇಲೆ ಅವರ ‘ಗ್ಯಾಜೆಟ್ ಲೋಕ’ ಅಂಕಣ ಓದಿ ಫೋನು ಕೊಂಡವರು ಲೆಕ್ಕವಿಲ್ಲದಷ್ಟು ಜನ. ಭಾವನೂ ಅವರಲ್ಲೊಬ್ಬರು. ವ್ಯತ್ಯಾಸ ಇಷ್ಟೇ: ಆ ಅಂಕಣಕಾರರು ಓದುಗರಿಂದ ದೂರ ಕೂತು ಬರೆಯುತ್ತಿದ್ದರು, ಭಾವನ ಓದುಗರು ಭಾವನ ಮನೆಯ ಊಟದ ಮೇಜಿನಲ್ಲೇ ಇರುತ್ತಾರೆ.

ಯುಗಾದಿ ಊಟದ ದಿನ ಅವರನ್ನು ನೋಡಬೇಕು. ಬಾಡಿಗೆಗೆ ಹಿಡಿದ ಹಾಲಿನಲ್ಲಿ ಪೇಪರ್ ತಟ್ಟೆ, ತಟ್ಟೆಯಲ್ಲಿ ಬಿಸಿಬೇಳೆಬಾತು, ಬಾತಿನ ಮೇಲೆ ಬೂಂದಿ. ಮೊದಲ ತುತ್ತು ಬಾಯಿಗಿಡುವಷ್ಟರಲ್ಲಿ ಒಬ್ಬ ತಾಯಿ ಬರುತ್ತಾರೆ.

“ಭಾವ, ಮಗಳಿಗೆ ಒಂದು ಲ್ಯಾಪ್‌ಟಾಪ್ ಬೇಕಿತ್ತು. ಯಾವುದು ತಗೊಳ್ಳೋದು?”

“ಏನಕ್ಕೆ?”

“ಸ್ಕೂಲಿಗೆ. ಮನೆಯಿಂದಲೇ ತರಬೇಕಂತೆ.”

“ಸ್ಕೂಲಿನವರು ಒಂದು ಶೀಟ್ ಕೊಟ್ಟಿರ್ತಾರೆ, ಓದಿದ್ರಾ?”

ಓದಿರುವುದಿಲ್ಲ. ಭಾವ ತಟ್ಟೆ ಕೆಳಗಿಡುತ್ತಾರೆ. ರ‍್ಯಾಮ್ ಎಂಟು ಜಿಬಿ ಸಾಕೋ ಹದಿನಾರು ಬೇಕೋ ಎಂಬಲ್ಲಿಂದ ಹೊರಡುತ್ತದೆ ಮಾತು. ಆಪಲ್‌ನಂಥ ಆಪಲ್ಲೇ ವರ್ಷಗಟ್ಟಲೆ ಎಂಟು ಸಾಕು ಅಂತ ಹೇಳಿಕೊಂಡು ಬಂದು, 2024ರ ಅಕ್ಟೋಬರಿನಲ್ಲಿ ಬೆಲೆ ಏರಿಸದೆ ಮ್ಯಾಕ್‌ಬುಕ್ ಏರ್‌ಗೆ ಹದಿನಾರು ಹಾಕಿತು. ಅಂದಮೇಲೆ ನೀವೇ ಯೋಚನೆ ಮಾಡಿ. ಈಗಿನ ತೆಳ್ಳಗಿನ ಮಾಡೆಲ್‌ಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಆಮೇಲೆ ಹೆಚ್ಚಿಸುತ್ತೇನೆ ಅಂದರೆ ಆಗಲ್ಲ. ಬ್ಯಾಗಿನಲ್ಲಿ ದಿನಾ ಹೊರುವ ಮಗುವಿಗೆ ಒಂದೂವರೆ ಕಿಲೋ ದಾಟಬಾರದು. ಹಿಂಜು ಗಟ್ಟಿ ಇರಬೇಕು. ಎಮ್ಮೆ ಕೊಳ್ಳುವವರು ಹಲ್ಲು ನೋಡುವ ಹಾಗೆ ಲ್ಯಾಪ್‌ಟಾಪ್ ಕೊಳ್ಳುವವರು ಹಿಂಜು ನೋಡಬೇಕು. ಬಾತು ಆರಿ ಗಟ್ಟಿಯಾಗುತ್ತದೆ. ತಾಯಿಯ ಕಣ್ಣು ಪಾಯಸದ ಕಡೆ ಹೊರಳುತ್ತದೆ.

“ಬಣ್ಣ ಯಾವುದಾದ್ರೂ ಪರವಾಗಿಲ್ಲ ತಾನೇ?” ಕೊನೆಗೆ ಭಾವ ಕೇಳುತ್ತಾರೆ, ಬರೀ ಲೋಕಾರೂಢಿಗೆ.

“ಅಯ್ಯೋ ಇಲ್ಲ ಭಾವ, ಪಿಂಕೇ ಆಗ್ಬೇಕಂತೆ. ಅದಕ್ಕೇ ನಿಮ್ಮನ್ನ ಕೇಳಿದ್ದು.”

ಜೂನ್ ಬರುತ್ತದೆ. ಆಸ್ಟ್ರೇಲಿಯಾದಲ್ಲಿ ಜೂನ್ 30ಕ್ಕೆ ಹಣಕಾಸು ವರ್ಷ ಮುಗಿಯುವುದರಿಂದ ಅಂಗಡಿಗಳಲ್ಲೆಲ್ಲ ಸೇಲು. ಒಂದು ಸಂಜೆ ಭಾವನ ಫೋನಿಗೆ ಫೋಟೋ: ಪಿಂಕ್ ಲ್ಯಾಪ್‌ಟಾಪು, ಅದರ ಹಿಂದೆ ನಗುತ್ತಿರುವ ಹುಡುಗಿ. “ಭಾವ, ನೀವು ಹೇಳಿದ್ದನ್ನೇ ತಗೊಂಡ್ವಿ, ಥ್ಯಾಂಕ್ಸ್!” ಎಂಟು ಜಿಬಿ, ಬೆಸುಗೆ ಹಾಕಿದ್ದು.

ಇಲ್ಲೇ ಇರುವುದು ಈ ಕಸುಬಿನ ಗುಟ್ಟು. ಕೇಳುವವರಿಗೆ ಬೇಕಾಗಿರುವುದು ಆಯ್ಕೆಯಲ್ಲ. ಆಯ್ಕೆ ಅವರು ಆಗಲೇ ಮಾಡಿಕೊಂಡೇ ಬಂದಿರುತ್ತಾರೆ. ಬೇಕಾಗಿರುವುದು ಒಂದು ಜಾಮೀನು. ನಾಳೆ ಯಂತ್ರ ಕೈಕೊಟ್ಟರೆ ‘ಭಾವನೇ ಹೇಳಿದ್ದು’ ಅನ್ನಲಿಕ್ಕೆ ಒಂದು ಹೆಸರು. ಭಾವನಿಗೆ ಇದು ಗೊತ್ತಿಲ್ಲ ಅಂತಲ್ಲ. ಗೊತ್ತಿದ್ದೂ ಅವರು ಪ್ರತಿ ಸಲ ಹಿಂಜಿನವರೆಗೂ ಹೋಗುತ್ತಾರೆ. ಅದು ಅವರ ಸುಖ.

ಕಿಲ್ಬರ್ನಿನಲ್ಲೇ ಮನೆ ಮಾಡಿದ್ದು ಅವರಿಗೆ ವರವೋ ಶಾಪವೋ ಹೇಳುವುದು ಕಷ್ಟ. 2014ರಲ್ಲಿ ಇಲ್ಲಿನ ಚರ್ಚಿಲ್ ರಸ್ತೆಯಲ್ಲಿ ಕಾಸ್ಟ್‌ಕೋ ಬಂತು. ಅಕ್ಕಿ, ಎಣ್ಣೆ, ಟಿಶ್ಯೂ ಪೇಪರುಗಳ ಜೊತೆ ಅಲ್ಲಿ ಕಂಪ್ಯೂಟರ್ ಕೂಡ ಸಿಗುತ್ತದೆ. ಊರಿನ ಇನ್ನೊಂದು ತುದಿಯಿಂದ ಬಂದು ಟ್ರಾಲಿ ತಳ್ಳುವವರು ಲ್ಯಾಪ್‌ಟಾಪ್ ಸಾಲಿನ ಮುಂದೆ ನಿಂತು ಬೆಲೆಯ ಚೀಟಿಯ ಫೋಟೋ ತೆಗೆದು ಭಾವನಿಗೆ ಕಳಿಸುತ್ತಾರೆ: “ಇದು ಓಕೆನಾ?” ಬೇರೆಯವರಾದರೆ ಓಕೆ ಅಥವಾ ಬೇಡ ಅಂತ ಉತ್ತರ ಬರೆದು ಸುಮ್ಮನಿರುತ್ತಿದ್ದರು. ಭಾವ ಚಪ್ಪಲಿ ಮೆಟ್ಟಿಕೊಂಡು ತಾವೇ ಬಂದುಬಿಡುತ್ತಾರೆ. ಮನೆಗೆ ವಾಪಸಾಗುವಾಗ ಹೆಂಡತಿ ಹೇಳಿದ ಹಾಲಿನ ಕ್ಯಾನ್ ತರುವುದು ಮರೆಯುತ್ತಾರೆ.

ಊರಿಗೆ ಹೊರಟವರ ವಿಷಯದಲ್ಲಿ ಮಾತ್ರ ಭಾವನ ಪಾಂಡಿತ್ಯ ನಿಜಕ್ಕೂ ದುಡ್ಡು ಉಳಿಸುತ್ತದೆ. ಒಂದೇ ಅಂಗಡಿಯಲ್ಲಿ 300 ಡಾಲರಿಗೆ ಕಡಿಮೆಯಿಲ್ಲದ ಖರೀದಿ, ಹೊರಡುವ ಮುಂಚಿನ 60 ದಿನಗಳೊಳಗಿನ ಬಿಲ್ಲು ಇದ್ದರೆ ವಿಮಾನ ನಿಲ್ದಾಣದಲ್ಲಿ ಜಿಎಸ್‌ಟಿ ವಾಪಸು ಸಿಗುತ್ತದೆ. ಬೆಲೆಯ ಹನ್ನೊಂದನೇ ಒಂದು ಭಾಗ. 2200 ಡಾಲರಿನ ಯಂತ್ರಕ್ಕೆ 200 ಡಾಲರು. ಭಾರತದ ಕಸ್ಟಮ್ಸಿನಲ್ಲಿ ದೊಡ್ಡವರು ಒಬ್ಬೊಬ್ಬರು ಒಂದೊಂದು ಲ್ಯಾಪ್‌ಟಾಪನ್ನು ಸುಂಕವಿಲ್ಲದೆ ಒಯ್ಯಬಹುದು. ಕರೆಂಟು ಎರಡೂ ಕಡೆ 230 ವೋಲ್ಟೇ, ಪಿನ್ನು ಮಾತ್ರ ಬೇರೆ. ಇಷ್ಟನ್ನೂ ಭಾವ ಒಂದು ಪುಟಕ್ಕಿಳಿಸಿದ್ದಾರೆ. ಅವರ ಬರವಣಿಗೆಯಲ್ಲಿ ಜನ ಪ್ರಿಂಟ್ ಹಾಕಿ ಇಟ್ಟುಕೊಂಡಿರುವುದು ಇದೊಂದನ್ನೇ.

ಇನ್ನು ಕನ್ನಡದ ಕಷ್ಟ. ಶಿವಮೊಗ್ಗದಿಂದ ಮಗನ ಮನೆಗೆ ಬಂದ ನಿವೃತ್ತ ಮೇಷ್ಟ್ರುಗಳು ಪೆನ್‌ಡ್ರೈವಿನಲ್ಲಿ ಆತ್ಮಕಥೆ ತಂದಿರುತ್ತಾರೆ. ಅದು ಟೈಪಾಗಿರುವುದು ‘ನುಡಿ’ಯೋ ‘ಬರಹ’ವೋ ಎಂಬ ಹಳೆಯ ಕನ್ನಡ ತಂತ್ರಾಂಶದಲ್ಲಿ. ಮಗ ಪ್ರೀತಿಯಿಂದ ಮ್ಯಾಕ್‌ಬುಕ್ ಕೊಡಿಸಿರುತ್ತಾನೆ. ಕಡತ ತೆರೆದರೆ ಬಾಲ್ಯ, ಉಪನಯನ, ಮೊದಲ ಪೋಸ್ಟಿಂಗು ಎಲ್ಲವೂ ಕೊಂಬು ಬಾಲ ಅಂಟಿದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಯೂನಿಕೋಡ್ ಬಳಕೆಗೆ ಬರುವ ಮುಂಚಿನ ಫಾಂಟುಗಳು ಇಂಗ್ಲಿಷಿನ ಸ್ಥಾನಗಳಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ್ದವು. ಆ ಫಾಂಟೇ ಇಲ್ಲದ ಯಂತ್ರಕ್ಕೆ ಕನ್ನಡ ತಿಳಿಯುವ ದಾರಿಯೇ ಇಲ್ಲ. ಭಾವ ಅದನ್ನು ಯೂನಿಕೋಡಿಗೆ ಪರಿವರ್ತಿಸಿ ಕೊಡುತ್ತಾರೆ. ಆಮೇಲೆ ಕೀಲಿಮಣೆಯ ಪಾಠ. ಕೆ. ಪಿ. ರಾವ್ ಅವರ ವಿನ್ಯಾಸದಲ್ಲೇ ಬೆರಳು ಪಳಗಿದ ಮೇಷ್ಟ್ರು ಒತ್ತು ಬೇಕಾದಲ್ಲೆಲ್ಲ ಎಫ್ ಒತ್ತುತ್ತಾರೆ, ಹೊಸ ಯಂತ್ರ ಇನ್ನೇನೋ ಬರೆಯುತ್ತದೆ. “ಇದಕ್ಕೆ ಕನ್ನಡ ಬರಲ್ಲ ಕಣಪ್ಪ” ಅಂತ ಮೇಷ್ಟ್ರ ತೀರ್ಪು. “ಬರತ್ತೆ ಸಾರ್, ಸೆಟ್ಟಿಂಗ್ ಮಾಡ್ಬೇಕು” ಅಂತ ಭಾವ. ಕಡೆಗೆ ಮೇಷ್ಟ್ರಿಗೆ ಒಂದು ಸೆಕೆಂಡ್ ಹ್ಯಾಂಡ್ ವಿಂಡೋಸ್ ಯಂತ್ರ ಬರುತ್ತದೆ, ಮ್ಯಾಕ್‌ಬುಕ್ ಸೊಸೆಗೆ ಹೋಗುತ್ತದೆ. ಭಾವನ ಸಲಹೆಯಿಂದ ಆ ಮನೆಯಲ್ಲಿ ಹೆಚ್ಚು ಲಾಭವಾದದ್ದು ಸೊಸೆಗೆ.

ಭಾವನ ಬದುಕಿನ ಅತ್ಯಂತ ಬಿಡುವಿಲ್ಲದ ವಾರಕ್ಕೆ ಕಾರಣವಾದದ್ದು 2025ರ ಅಕ್ಟೋಬರ್ 14. ಅಂದು ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಬೆಂಬಲ ನಿಲ್ಲಿಸಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಬೇಕು. ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನಿಂದೀಚಿನ ಪ್ರೊಸೆಸರ್ ಬೇಕು. ಚೆನ್ನಾಗಿಯೇ ಓಡುತ್ತಿದ್ದ ಹಳೆಯ ಯಂತ್ರಗಳಿಗೆ ಏಕಾಏಕಿ ವಯಸ್ಸಾಯಿತು. ಒಂದು ವರ್ಷದ ಹೆಚ್ಚುವರಿ ಭದ್ರತಾ ಅಪ್‌ಡೇಟಿಗೆ ನೋಂದಾಯಿಸಿ, ಇಲ್ಲವೇ ಲಿನಕ್ಸ್ ಮಿಂಟ್ ಹಾಕಿಕೊಳ್ಳಿ ಅಂತ ಭಾವ ತಿಂಗಳುಗಟ್ಟಲೆ ಬರೆದಿದ್ದರು. ಲಿನಕ್ಸಿಗೆ ‘ಗುಬ್ಬಿ’, ‘ನವಿಲು’ ಎಂಬ ಹೆಸರಿನ ಕನ್ನಡ ಫಾಂಟುಗಳಿವೆ ಅಂತ ಆಸೆಯನ್ನೂ ಹುಟ್ಟಿಸಿದ್ದರು. ಯಾರೂ ಅಲುಗಿರಲಿಲ್ಲ. ಹದಿನೈದನೇ ತಾರೀಖು ಬೆಳಿಗ್ಗೆಯಿಂದ ಫೋನು. “ಭಾವ, ನಿಂತೋಗಿದ್ಯಂತೆ, ಆದ್ರೆ ನಮ್ದು ಇನ್ನೂ ಓಡ್ತಾ ಇದೆ, ಯಾಕೆ?” ಬೆಂಬಲ ನಿಲ್ಲುವುದು ಬೇರೆ, ಯಂತ್ರ ನಿಲ್ಲುವುದು ಬೇರೆ ಅಂತ ವಿವರಿಸುವುದರಲ್ಲಿ ಆ ವಾರದ ಪತ್ರವೇ ಹೊರಡಲಿಲ್ಲ.

ಅದೇ ವರ್ಷ ಡಿಸೆಂಬರಿನಲ್ಲಿ ಇನ್ನೊಂದು ಪೆಟ್ಟು. ಎಐ ಸರ್ವರುಗಳ ಹಸಿವಿಗೆ ಮೆಮೊರಿ ಚಿಪ್ಪುಗಳೆಲ್ಲ ಅತ್ತ ಹೋಗಿ ರ‍್ಯಾಮ್ ಬೆಲೆ ಗಗನಕ್ಕೇರಿತು; ಮೈಕ್ರಾನ್ ಕಂಪನಿ ತನ್ನ ಕ್ರೂಷಿಯಲ್ ಬ್ರ್ಯಾಂಡಿನ ಚಿಲ್ಲರೆ ಮಾರಾಟವನ್ನೇ ಮುಚ್ಚುವುದಾಗಿ ಸಾರಿತು. ಭಾವನ ಮನೆಯಲ್ಲಿ ಆ ದಿನ ಸೂತಕದ ಕಳೆ. ‘ಹದಿನಾರು ಜಿಬಿ ಹಾಕಿಸಿಕೊಳ್ಳಿ’ ಅಂತ ಅವರು ಹಿಂದೆಂದೋ ಹೇಳಿದ್ದು ಆಗ ನಿಜವಾಯಿತು, ಆದರೆ ನೆನಪಿಟ್ಟುಕೊಂಡವರು ಯಾರೂ ಇರಲಿಲ್ಲ.

ಹೀಗೆ ಲೋಕಕ್ಕೆಲ್ಲ ಹೊಸದನ್ನು ಕೊಡಿಸುವ ಮನುಷ್ಯನ ಸ್ವಂತ ಯಂತ್ರ ಯಾವುದು? 2011ರ ಥಿಂಕ್‌ಪ್ಯಾಡ್ ಎಕ್ಸ್220. ಕೀಲಿಗಳ ನಡುವೆ ಕೆಂಪು ಗುಂಡಿ ಇರುವ, ಹಳೆಯ ಏಳು ಸಾಲಿನ ಕೀಬೋರ್ಡಿನ ಡಬ್ಬ. ಅದಕ್ಕೆ ವಿಂಡೋಸ್ 11 ಕನಸಿನ ಮಾತು. ವರ್ಷಕ್ಕೊಮ್ಮೆ ಊಟದ ಮೇಜಿನ ಮೇಲೆ ಅದರ ಹೊಟ್ಟೆ ಬಿಚ್ಚಿ ಫ್ಯಾನಿನ ಧೂಳು ತೆಗೆಯುತ್ತಾರೆ. ಬಿಚ್ಚಿದ ಸ್ಕ್ರೂಗಳು ಕಲೆಯಬಾರದಲ್ಲ, ಇಡ್ಲಿ ತಟ್ಟೆಯ ಗುಳಿಗಳಲ್ಲಿ ಅಳತೆಯ ಪ್ರಕಾರ ಜೋಡಿಸುತ್ತಾರೆ: ಮೇಲಿನ ತಟ್ಟೆಯಲ್ಲಿ ತಳದವು, ಕೆಳಗಿನದರಲ್ಲಿ ಕೀಬೋರ್ಡಿನವು. ಭಾನುವಾರ ಬೆಳಿಗ್ಗೆ ಹಿಟ್ಟು ಕಲಸಿಟ್ಟುಕೊಂಡು ಬಂದ ಹೆಂಡತಿ, “ಏನ್ರೀ, ಇದಕ್ಕೂ ಒಂದು ನ್ಯೂಸ್‌ಲೆಟರ್ ಬರೀರಿ” ಅನ್ನುತ್ತಾರೆ. ಆ ಮನೆಯಲ್ಲಿ ಈಗ ಇಡ್ಲಿ ಸ್ಟ್ಯಾಂಡುಗಳು ಎರಡು. ಅವುಗಳಲ್ಲಿ ಒಂದನ್ನು ಅಡುಗೆಮನೆಗೆ ತರುವಂತಿಲ್ಲ.

ನಿಮ್ಮ ಊರಿನಲ್ಲೂ ಇಂಥ ಭಾವ ಇದ್ದರೆ ಒಂದಿಷ್ಟು ಕರುಣೆ ಇರಲಿ. ಕೇಳುವುದಿದ್ದರೆ ಕೊಳ್ಳುವ ಮುಂಚೆ ಕೇಳಿ. ಮೊದಲ ಮಾತಿನಲ್ಲೇ ಬಜೆಟ್ ಹೇಳಿ, ಎರಡನೆಯದರಲ್ಲಿ ಬಣ್ಣ ಹೇಳಿ, ಅವರ ತಟ್ಟೆ ಖಾಲಿಯಾಗುವವರೆಗೆ ಎರಡನ್ನೂ ಹೇಳಬೇಡಿ. ಶನಿವಾರ ಸಂಜೆ ಫೋನಂತೂ ಮಾಡಲೇಬೇಡಿ, ಪತ್ರ ಇನ್ನೂ ಮುಗಿದಿರುವುದಿಲ್ಲ.