ಎಡಿಟಿಂಗಲ್ಲಿ ನೋಡ್ಕೊತೀನಿ ಬಿಡಿ ಸಾರ್

ಕೋಲಾರದ ಔಟ್‌ಡೋರ್ ಫೋಟೋಗ್ರಾಫರನಿಗೆ ಕೆಟ್ಟ ಬೆಳಕು ಎಂಬುದೇ ಗೊತ್ತಿಲ್ಲ. ಗೊತ್ತಿರುವುದು ತಡವಾಗಿ ಬರುವ ಗಿರಾಕಿ ಮಾತ್ರ. ಬೆಳಗ್ಗೆ ಆರಕ್ಕೆ ಅಂತರಗಂಗೆ ಬೆಟ್ಟದ ಬುಡದಲ್ಲಿರಿ ಎಂದು ಹೇಳಿ, ತಾನು ಆರಕ್ಕೇ ಹೋಗಿ ನಿಂತಿರುತ್ತಾನೆ. ಹುಡುಗಿಯ ಮೇಕಪ್ ಮುಗಿದು, ದಾರಿಯಲ್ಲಿ ತಟ್ಟೆ ಇಡ್ಲಿ ತಿಂದು ಜೋಡಿ ಕಾರಿನಿಂದಿಳಿಯುವಾಗ ಹನ್ನೊಂದು ದಾಟಿರುತ್ತದೆ.

"ಬಿಸಿಲು ಜಾಸ್ತಿ ಆಯ್ತಲ್ವಾ ಅಣ್ಣಾ?"

"ಏನಾಗಲ್ಲ ಅಕ್ಕಾ, ಎಡಿಟಿಂಗಲ್ಲಿ ನೋಡ್ಕೊತೀನಿ."

ಆತನ ಹತ್ತು ಜೇಬಿನ ಕೋಟಿನಲ್ಲಿ ಲೆನ್ಸ್ ಹುಡುಕಬೇಡಿ. ಅಲ್ಲಿರುವುದು ಸೇಫ್ಟಿ ಪಿನ್ನು, ಬಾಚಣಿಗೆ, ಪೌಡರು, ಬೆಟ್ಟದ ಕೋತಿಗಳಿಗೆ ಲಂಚ ಕೊಡಲು ಕಡಲೆಕಾಯಿ. ಬಾಯಲ್ಲಿ ಎರಡು ಭಾಷೆ: ಹುಡುಗಿಗೆ "ಗದ್ದ ಸ್ವಲ್ಪ ಕೆಳಗೆ ಅಕ್ಕಾ", ಮುಳಬಾಗಿಲು ಕಡೆಯ ಹುಡುಗನಿಗೆ "ಇಟ್ಲ ಚೂಡಣ್ಣಾ". ನಗು ಬಾರದಿದ್ದರೆ ಇಬ್ಬರಿಗೂ ಸೇರಿಸಿ "ಸ್ಮೈಲ್".

ಮದುವೆ ಸೀಸನ್ನೂ ಸೂರ್ಯನೂ ಇಲ್ಲಿ ಒಳಗೊಳಗೇ ಮಾತಾಡಿಕೊಂಡಿರಬೇಕು. ಕೋಲಾರ ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಾಗಾಗಿ ಏಪ್ರಿಲ್ ಕೊನೆಯ ವಾರದಲ್ಲಿ ಒಮ್ಮೆ, ಆಗಸ್ಟ್ ಮೂರನೆಯ ವಾರದಲ್ಲಿ ಇನ್ನೊಮ್ಮೆ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ವಿಜ್ಞಾನದ ಮೇಷ್ಟ್ರು ಅಂಗಳದಲ್ಲಿ ಕೋಲು ನೆಟ್ಟು "ನೋಡ್ರೋ, ಶೂನ್ಯ ನೆರಳು" ಎಂದು ಮಕ್ಕಳಿಗೆ ತೋರಿಸುವ ದಿನ ಅದು. ಕೋಲಿನಿಂದ ಮಾಯವಾದ ನೆರಳು ಎಲ್ಲಿಗೆ ಹೋಯಿತೆಂದು ನಮ್ಮ ಫೋಟೋಗ್ರಾಫರನನ್ನು ಕೇಳಬೇಕು. ಮದುಮಗಳ ಕಣ್ಣಿನ ಗುಳಿಯಲ್ಲಿ, ಮೂಗಿನ ಕೆಳಗೆ ಮೀಸೆಯಾಗಿ, ಮಿಕ್ಕಿದ್ದು ಗದ್ದದಡಿಯಲ್ಲಿ.

ಇಷ್ಟಾದರೂ ಗಿರಾಕಿಗೆ ಹಿಂದಿನದೆಲ್ಲ ಮಸುಕಾಗಿರಬೇಕು. ಹಳೆಯ ಸ್ಟುಡಿಯೋದವರ ಲೆಕ್ಕದಲ್ಲಿ ನಿಚ್ಚಳ ಬಿಸಿಲಿಗೆ ಐಎಸ್‌ಒ 100 ಇಟ್ಟು ಎಫ್/16ರಲ್ಲಿ ತೆಗೆದರೆ ಶಟರ್ ಸೆಕೆಂಡಿನ 1/100. ಮಸುಕಿಗಾಗಿ ಎಫ್/1.8ಕ್ಕೆ ಹೋದರೆ ಅದೇ ಶಟರ್ 1/8000 ಹತ್ತಿರ ಓಡಬೇಕು. ಮಾಮೂಲಿ ಫ್ಲಾಶಿಗೆ 1/200 ದಾಟಿದರೆ ಏದುಸಿರು. ಈ ಗಣಿತವನ್ನು ಆತ ಬಾಯಿಬಿಟ್ಟು ಹೇಳುವುದಿಲ್ಲ. ಜೋಡಿಯ ಬೆನ್ನನ್ನು ಬಿಸಿಲಿಗೆ ತಿರುಗಿಸುತ್ತಾನೆ, ಅಷ್ಟೇ. ಬೆಳ್ಳಿ ಬಣ್ಣದ ರಿಫ್ಲೆಕ್ಟರ್ ಅಂತರಗಂಗೆಯ ಗಾಳಿಗೆ ಹಾರಿ ಬಂಡೆಗಳ ನಡುವೆ ಬಿದ್ದರೆ ಹುಡುಗಿಯ ಸೋದರಮಾವನ ಕಡೆ ತಿರುಗುತ್ತಾನೆ: "ಮಾವಾ, ನಿಮ್ಮ ಬಿಳಿ ಟವೆಲ್ ಕೊಡಿ." ಹೆಲ್ಪರ್ ಹುಡುಗ ಮಂಡಿಯೂರಿ, ಟವೆಲನ್ನು ಹುಡುಗಿಯ ಸೊಂಟದ ಮಟ್ಟದಲ್ಲಿ ಬಿಗಿಯಾಗಿ ಹಿಡಿದು, ಬಿಸಿಲನ್ನು ಮೇಲಕ್ಕೆ ಚಿಮ್ಮಿಸುತ್ತಾನೆ. ಕಣ್ಣಿನ ಗುಳಿ ತುಂಬುತ್ತದೆ, ಮೀಸೆ ಮಾಯ. ಯಾವ ಸಾಫ್ಟ್‌ವೇರಿಗೂ ಕೈಗೂಡದ ಕೆಲಸ ಇದು ಎಂದು ಯಾರಾದರೂ ಹೊಗಳಿದರೆ ಆತನಿಗೆ ಅವಮಾನ. ಹೊಸ ಲ್ಯಾಪ್‌ಟಾಪಿನ ಕಂತು ಇನ್ನೂ ತೀರಿಲ್ಲವಲ್ಲ!

ಊರಿಗೊಂದು ತಾಪತ್ರಯ. ಶ್ರೀನಿವಾಸಪುರದ ಮಾವಿನ ತೋಪಿನಲ್ಲಿ ನೆರಳೇನೋ ಧಾರಾಳ, ಆದರೆ ಎಲೆಗಳಿಂದ ಸೋಸಿ ಬಂದ ಬೆಳಕು ಹುಡುಗನ ಮುಖಕ್ಕೆ ಹಸಿರು ಬಳಿಯುತ್ತದೆ. ಹೂ ಬಿಟ್ಟ ಕಾಲದಲ್ಲಿ ಪಕ್ಕದ ತೋಟದಲ್ಲಿ ಔಷಧಿ ಹೊಡೆಯುತ್ತಿದ್ದರಂತೂ ಮುಗುಳ್ನಗೆ ಹೋಗಿ ಕೆಮ್ಮು ಬರುತ್ತದೆ. ಮಾಲೂರಿನ ಇಟ್ಟಿಗೆ ರಾಶಿಯ ಪಕ್ಕ ನಿಲ್ಲಿಸಿದರೆ ಬಿಳಿ ಗೌನು ಕಾವಿಯಾಗುತ್ತದೆ. ಆವನಿಯ ಬೆಟ್ಟದ ಗಾಳಿಗೆ ಸೆರಗು ಮುಖಕ್ಕೇ ಸುತ್ತಿಕೊಂಡು, ಹತ್ತು ಫೋಟೋದಲ್ಲಿ ಎಂಟು ಯಾರದೆಂದು ಹೇಳಲು ಸಾಕ್ಷಿ ಬೇಕು. ಇದ್ದುದರಲ್ಲಿ ಒಳ್ಳೆಯ ಬೆಳಕು ಕೋಲಾರದ ಸೋಮೇಶ್ವರ ದೇವಸ್ಥಾನದ ಕೆತ್ತನೆ ಕಂಬಗಳ ಮಂಟಪದ ಅಂಚಿನಲ್ಲಿ. ಮೇಲೆ ಕಲ್ಲಿನ ಸೂರು, ಮುಂದೆ ಬಯಲು, ಮುಖದ ಮೇಲೆ ಮೆತ್ತನೆಯ ಬೆಳಕು. ಆದರೆ ಅದು ಕೇಂದ್ರ ಪುರಾತತ್ತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಟ್ರೈಪಾಡ್ ನಿಲ್ಲಿಸಲು ಅನುಮತಿ ಬೇಕು. ಹೆಲ್ಪರ್ ಹುಡುಗನ ಹೆಗಲಿಗೆ ಬೇಡ.

ಬೆಂಗಳೂರಿನ ಜೋಡಿಗಳಿಗೆ ಮಾತ್ರ ಕೆರೆಯೇ ಬೇಕು. ದಶಕಗಳ ಕಾಲ ಒಣಗಿದ್ದ ಕೋಲಾರದ ಕೆರೆಗಳಿಗೆ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ನೀರು ಬರುತ್ತಿದೆ. ಮೊದಲು ತುಂಬಿದ್ದು ಲಕ್ಷ್ಮೀಸಾಗರ ಕೆರೆ. ಬರುವುದು ಬೆಂಗಳೂರಿನ ಕೊಳಚೆಯನ್ನು ಎರಡು ಹಂತದಲ್ಲಿ ಸಂಸ್ಕರಿಸಿದ ನೀರು. ಅಂದರೆ ತಾವೇ ಸ್ನಾನ ಮಾಡಿ ಬಿಟ್ಟ ನೀರನ್ನು ನೋಡಲು ಇವರು ಎರಡು ಗಂಟೆ ಕಾರಿನಲ್ಲಿ ಬಂದು, ದಡದಲ್ಲಿ ಕೈ ಕೈ ಹಿಡಿದು, "ಎಷ್ಟು ನ್ಯಾಚುರಲ್ ಅಲ್ವಾ" ಎನ್ನುತ್ತಾರೆ. ಫೋಟೋಗ್ರಾಫರ್ ಹೌದೆನ್ನುತ್ತಾನೆ. ಅಡ್ವಾನ್ಸ್ ಇನ್ನೂ ಬಂದಿರುವುದಿಲ್ಲ.

ಆಲ್ಬಂ ಬರುವಾಗ ಮದುವೆಯಾಗಿ ತಿಂಗಳುಗಳೇ ಉರುಳಿರುತ್ತವೆ. ಹುಡುಗಿಯ ತಂದೆ ಕನ್ನಡಕ ಏರಿಸಿ ಒಂದೊಂದೇ ಹಾಳೆ ತಿರುವುತ್ತಾರೆ. ಅಂತರಗಂಗೆಯ ಮೇಲೆ ಯಾವುದೋ ದೇಶದ ಮೋಡ, ಇಟ್ಟಿಗೆ ರಾಶಿಯ ಹಿಂದೆ ಕಾಮನಬಿಲ್ಲು. ಕೆರೆಯ ಪುಟಕ್ಕೆ ಬಂದಾಗ ಕೈ ನಿಲ್ಲುತ್ತದೆ.

"ಏನಪ್ಪಾ, ನಮ್ಮ ಕೆರೆ ಯಾವಾಗ ಇಷ್ಟು ನೀಲಿ ಆಯ್ತು?"

"ಅದಕ್ಕೆ ಎಕ್ಸ್‌ಟ್ರಾ ಹಾಕಿಲ್ಲ ಸಾರ್. ಬ್ಯಾಲೆನ್ಸ್ ಕೊಟ್ಟುಬಿಡಿ."