ಮೈ ಸಿದ್ಧ, ಎಂಜಿನ್ ಬಾಕಿ

(ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ನಿಂತಿರುವ ಎಚ್‌ಎಎಲ್‌ನ ಜೆಟ್ ಯುದ್ಧವಿಮಾನ ಎಚ್‌ಎಫ್-24 ಮರುತ್ ಮಾತಿಗೆ ಒಪ್ಪಿದ್ದೇ ದೊಡ್ಡದು. ಷರತ್ತು ಒಂದೇ: ಫೋಟೊದಲ್ಲಿ ಸೊಂಟ ಕಾಣಬೇಕು.)

ಸೊಂಟದ ಬಗ್ಗೆ ಇಷ್ಟು ಜಂಬ ಯಾಕೆ ಸರ್?

ಶಬ್ದದ ವೇಗದ ಹತ್ತಿರ ಹೋದರೆ ಗಾಳಿ ಅಡ್ಡ ನಿಲ್ಲುತ್ತೆ ಕಣ್ರೀ. ರೆಕ್ಕೆ ಕೂಡುವಲ್ಲಿ ಮೈ ಸಣ್ಣಗಿದ್ದರೆ ತಡೆ ಕಡಿಮೆ. ನನ್ನನ್ನು ರೂಪಿಸಿದವರು ಕುರ್ಟ್ ಟ್ಯಾಂಕ್. ಜರ್ಮನಿಯಲ್ಲಿ ಫೋಕೆ ವುಲ್ಫ್ 190 ಯುದ್ಧವಿಮಾನ ಮಾಡಿದವರು, ಅರ್ಜೆಂಟೀನಾ ಸುತ್ತಿ 1956ರಲ್ಲಿ ಇಲ್ಲಿಗೆ ಬಂದರು. ಶಬ್ದದ ಎರಡರಷ್ಟು ವೇಗಕ್ಕೆಂದೇ ನನ್ನ ಮೈ ಕಟ್ಟಿದರು.

ಅಷ್ಟು ವೇಗ ಹೋದಿರಾ?

ಎಂಜಿನ್ ಕೊಟ್ಟರೆ ತಾನೆ! 1959ರಲ್ಲಿ ಮೊದಲು ಹಾರಿದ್ದು ನನ್ನ ಮರದ ಅಣ್ಣ. ಎಂಜಿನ್ನೇ ಇಲ್ಲದ ಗ್ಲೈಡರು. ಡಕೋಟಾ ವಿಮಾನ ಎಳೆದೊಯ್ದು ಬಿಡ್ತಿತ್ತು. ಆಗಲೇ ಶಕುನ ತಿಳೀಬೇಕಿತ್ತು.

ಅಂದರೆ?

ಬ್ರಿಟನ್ನಿನ ಆರ್ಫಿಯಸ್ 12 ಬರುತ್ತೆ, ಬಾಲದಲ್ಲಿ ಇನ್ನೊಮ್ಮೆ ಇಂಧನ ಉರಿಸಿ ನೂಕುತ್ತೆ ಅಂತ ನಂಬಿದ್ದರು. ಛತ್ರ ಬುಕ್ ಮಾಡಿ, ಲಗ್ನಪತ್ರಿಕೆ ಹಂಚಿ, ಆಮೇಲೆ ವರ ಹುಡುಕಿದ ಹಾಗೆ! ಬ್ರಿಟಿಷರು ಆ ಎಂಜಿನ್ ಕೈಬಿಟ್ಟರು. ಬೇಕಾದರೆ ದುಡ್ಡು ನೀವು ಹಾಕಿ ಅಂದರು. ದಿಲ್ಲಿ ಜೇಬು ಮುಚ್ಚಿಕೊಂಡಿತು. ಕೊನೆಗೆ ಸಿಕ್ಕಿದ್ದು ಆರ್ಫಿಯಸ್ 703, ಎರಡು. ಪುಟ್ಟ ನ್ಯಾಟ್ ವಿಮಾನದ ಹೊಟ್ಟೆಯಲ್ಲಿತ್ತಲ್ಲ, ಅದೇ ಜಾತಿ. 1961ರ ಜೂನ್ 17ರಂದು ಪೈಲಟ್ ಸುರಂಜನ್ ದಾಸ್ ನನ್ನನ್ನು ಮೇಲೇರಿಸಿದರು. ಶಬ್ದದ ಹೊಸ್ತಿಲು ಮುಟ್ಟುವಷ್ಟರಲ್ಲಿ ನನಗೆ ಏದುಸಿರು.

ಬೇರೆ ಎಂಜಿನ್ ನೋಡಲಿಲ್ಲವೆ?

ರಷ್ಯಾದ್ದು ನೋಡಿದರು. ಈಜಿಪ್ಟಿನ ಎಂಜಿನ್‌ಗಾಗಿ ನಮ್ಮಲ್ಲೊಬ್ಬನನ್ನು ಅಲ್ಲಿಗೇ ಕಳಿಸಿದರು. ಇರುವ ಆರ್ಫಿಯಸ್‌ನ ಬಾಲಕ್ಕೇ ಬೆಂಕಿ ಕೂಡಿಸಲು ಬೆಂಗಳೂರಲ್ಲೂ ಪಾಡುಪಟ್ಟರು. 1970ರಲ್ಲಿ ಅಂಥದೊಂದು ವಿಮಾನ ಬಿದ್ದು ದಾಸ್ ಹೋದರು. ಈ ಪ್ರಶ್ನೆ ಇಲ್ಲಿಗೆ ಸಾಕು.

1971ರ ಯುದ್ಧದಲ್ಲಿ ಹೆಸರು ಮಾಡಿದಿರಲ್ಲ?

ಮತ್ತೇನು! ನೆಲದ ಹತ್ತಿರ ಹಾರಿ ಹೊಡೆಯೋದಕ್ಕೆ ಎರಡು ಪಟ್ಟು ವೇಗ ಯಾರಿಗೆ ಬೇಕು? ರಾಜಸ್ಥಾನದ ಗಡಿಯಲ್ಲಿ ಕೆಲಸ ಮಾಡಿದೆವು. ಒಂದು ಎಂಜಿನ್ ಏಟು ತಿಂದರೂ ಇನ್ನೊಂದರಲ್ಲಿ ಮನೆ ಸೇರಿದವರು ನಮ್ಮಲ್ಲಿದ್ದಾರೆ. ಒಟ್ಟು 147 ಜನ ಹುಟ್ಟಿದೆವು. ಅಷ್ಟಾದರೂ ನಮ್ಮನ್ನು ನೆನೆಯೋದು 'ವೇಗ ಸಾಲದು' ಅಂತಲೇ.

ನಿಮ್ಮ ತಮ್ಮ, ಇಂದಿನ ಯುದ್ಧವಿಮಾನ ತೇಜಸ್‌ಗೆ ಏನಾದರೂ ಕಿವಿಮಾತು?

ಅವನ ಎಂಜಿನ್ ಯಾರದು?

ಅಮೆರಿಕದ್ದು.

ಇದೇ ಊರಲ್ಲಿ ಕಾವೇರಿ ಅಂತ ಒಂದು ಮಾಡ್ತಿದ್ದರಲ್ಲ?

ಅದು ಅವನವರೆಗೆ ಬರಲಿಲ್ಲ ಸರ್.

ಮೆಲ್ಲಗೆ ಹೇಳ್ರೀ! ಕಾವೇರಿ ಬರಲಿಲ್ಲ ಅಂದರೆ ಬೆಂಗಳೂರಿನವರು ಕೊಡ ಹಿಡಿದು ಬೀದಿಗಿಳೀತಾರೆ.